ಶೀಟ್ ಅವರೇ ತುಂಬಲಿ

ವಿಜಯಪುರ
16 ನವೆಂಬರ್ 2025, ರವಿವಾರ

ಮುಂದಿನ ಶನಿವಾರ ರಾತ್ರಿ ನಮ್ಮ ಹೊಸ ಆಟ ಶುರು. ಡಂಜನ್ಸ್ ಆಂಡ್ ಡ್ರಾಗನ್ಸ್, 2014ರ ಐದನೇ ಆವೃತ್ತಿಯ ನಿಯಮ. ಇವತ್ತಿನ ದಿನ ಪೂರ್ತಿ ಪಾತ್ರ ಕಟ್ಟುವುದರಲ್ಲೇ ಹೋಯಿತು. ಆಡುವವರು ಪುಣೆಯಲ್ಲಿರುವ ತಮ್ಮ, ಬಾಗಲಕೋಟೆಯ ನಾದಿನಿ, ಹುಬ್ಬಳ್ಳಿಯಲ್ಲಿರುವ ಕಾಲೇಜು ಗೆಳತಿ, ಬೆಳಗಾವಿಯಲ್ಲಿ ಓದುತ್ತಿರುವ ಸೋದರಮಾವನ ಮಗಳು. ತಮ್ಮ ಮೊದಲೂ ಆಡಿದ್ದಾನೆ. ಉಳಿದವರಿಗೆಲ್ಲ ಇದೇ ಮೊದಲು. ಎಲ್ಲರೂ ಒಂದೇ ಮೇಜಿಗೆ ಬಂದು ಕೂರುವ ಹಾಗಿಲ್ಲ, ಅದಕ್ಕೇ ಫೌಂಡ್ರಿ ವಿಟಿಟಿ, ಅಂದರೆ ಆನ್‌ಲೈನ್ ಆಟದ ಮೇಜು.

ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ ಇದು. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಿಎಂ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ ಆಗಿ, ತಾವು ಏನು ಮಾಡುತ್ತೇವೆ ಅಂತ ಬಾಯಲ್ಲಿ ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಫೌಂಡ್ರಿಯಲ್ಲಿ ಮ್ಯಾಪು, ದಾಳ, ಪಾತ್ರದ ಅಂಕಿ ವಿವರ ಬರೆಯುವ ಶೀಟು ಎಲ್ಲಾ ಬ್ರೌಸರ್‌ನಲ್ಲೇ ಬರುತ್ತವೆ. ಲೈಸೆನ್ಸ್ ನಡೆಸುವವರೊಬ್ಬರಿಗೆ ಸಾಕು, ಆಡುವವರು ಲಿಂಕ್ ಒತ್ತಿ ಬಂದರಾಯಿತು.

ಹೊಸಬರಿಗೆ ಯಾಕೆ ತೊಂದರೆ ಅಂತ ಎಷ್ಟೋ ಡಿಎಂಗಳು ಶೀಟನ್ನು ತಾವೇ ತುಂಬಿ ಕೈಗೆ ಕೊಟ್ಟುಬಿಡುತ್ತಾರೆ. ನನಗದು ಒಪ್ಪಿಗೆ ಇಲ್ಲ. ತುಂಬಿದ ಶೀಟ್ ಸಿಕ್ಕವರು ಮೊದಲ ದಿನ ಅದನ್ನು ಓದುವುದರಲ್ಲೇ ಇರುತ್ತಾರೆ. ‘ನಾನೇನು ಮಾಡಲಿ’ ಅನ್ನುವ ಬದಲು ‘ಇವಳಿಗೆ ಏನೇನು ಬರುತ್ತದೆ’ ಅಂತ ಕೇಳುತ್ತಾರೆ. ಅಂಕಿ ಒಂದೊಂದನ್ನೂ ತಾವೇ ಇಟ್ಟವರಿಗೆ ಆ ಪ್ರಶ್ನೆ ಏಳುವುದೇ ಇಲ್ಲ. ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಅದಕ್ಕೇ ಇವತ್ತು ಒಬ್ಬೊಬ್ಬರನ್ನೇ ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡೆ. ಟೈಪ್ ಮಾಡುವುದು ಅವರು, ಪಕ್ಕದಲ್ಲಿ ಇರುವುದು ನಾನು.

ನಾದಿನಿಯದು ಎಲ್ಲರಿಗಿಂತ ಚೆನ್ನಾಗಿ ಆಯಿತು. ಅವಳಿಗೆ ವೈದ್ಯ ಮಾಡುವವಳು ಬೇಕಿತ್ತು, ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್ ಆರಿಸಿಕೊಂಡಳು. ಹೆಸರು ಭೀಮವ್ವ. ಹೆಸರಿನ ಜಾಗದಲ್ಲಿ ಕನ್ನಡದಲ್ಲೇ ಟೈಪ್ ಮಾಡಿದಳು, ಫೌಂಡ್ರಿ ಸಲೀಸಾಗಿ ತೋರಿಸಿತು. ಆಮೇಲೆ ಆರು ಗುಣ ಬಂದವು: ಸ್ಟ್ರೆಂತ್, ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್, ಇಂಟೆಲಿಜೆನ್ಸ್, ವಿಸ್ಡಮ್, ಕರಿಸ್ಮಾ. ಹಂಚಬೇಕಾದ ಅಂಕಿಗಳು 15, 14, 13, 12, 10, 8. ದಾಳ ಉರುಳಿಸಿಯೂ ಅಂಕಿ ತೆಗೆಯಬಹುದು. ಆದರೆ ಹೊಸಬರ ಗುಂಪಿನಲ್ಲಿ ಒಬ್ಬರಿಗೆ ಒಳ್ಳೆಯದು, ಇನ್ನೊಬ್ಬರಿಗೆ ಕೆಟ್ಟದ್ದು ಬೀಳುವುದು ನನಗೆ ಬೇಡ. ಎಲ್ಲರಿಗೂ ಇದೇ ಆರು ಅಂಕಿ.

ಹದಿನೈದನ್ನು ವಿಸ್ಡಮ್‌ಗೆ ಥಟ್ಟನೆ ಹಾಕಿದಳು. ಎಂಟು ಮಾತ್ರ ಕೈಯಲ್ಲೇ ಉಳಿಯಿತು.

“ವೈನಿ, ಈ ಎಂಟು ಎಲ್ಲಿ ಹಾಕ್ಲಿ?”

“ಆಕಿ ಯಾವುದ್ರಾಗ ಕಡಿಮಿ ಇದ್ರ ನಿನಗ ನಡೀತೈತಿ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಓದು ಬರಹ ಇಲ್ರಿ ಆಕಿಗೆ. ಆದ್ರ ಯಾರಿಗೆ ಎಲ್ಲಿ ನೋವು ಐತಿ ಅಂತ ಮುಖಾ ನೋಡೇ ಹೇಳ್ತಾಳ.”

ಇಂಟೆಲಿಜೆನ್ಸ್‌ಗೆ ಎಂಟು ಹೋಯಿತು. ಭೀಮವ್ವ ಹುಟ್ಟಿದ್ದು ಅಲ್ಲೇ. ಆ ಎಂಟನ್ನು ನಾನೇ ಎಲ್ಲೋ ಒಂದು ಕಡೆ ಹಾಕಿ ಕೊಟ್ಟಿದ್ದರೆ ಈ ಮಾತು ಅವಳ ಬಾಯಿಂದ ಬರುತ್ತಲೇ ಇರಲಿಲ್ಲ.

ಗುಡ್ಡದ ಡ್ವಾರ್ಫ್ (ಗಟ್ಟಿ ಮೈಯ ಕುಳ್ಳರ) ಜಾತಿ ಸೇರಿಸಿದ ಮೇಲೆ ವಿಸ್ಡಮ್ 16, ಕಾನ್‌ಸ್ಟಿಟ್ಯೂಷನ್ 16 ಆದವು. ಪಕ್ಕದಲ್ಲಿ ಬರುವ ಪ್ಲಸ್ ಮೂರು ಎಲ್ಲಿಂದ ಬಂತು ಅಂತ ಕೇಳಿದಳು. ಅಂಕಿಯಲ್ಲಿ ಹತ್ತು ಕಳೆದು ಅರ್ಧ ಮಾಡಬೇಕು, ಅರ್ಧ ಉಳಿದರೆ ಕೆಳಗಿನ ಅಂಕಿ ಹಿಡಿಯಬೇಕು. ಹದಿನಾರಕ್ಕೆ ಪ್ಲಸ್ ಮೂರು, ಎಂಟಕ್ಕೆ ಮೈನಸ್ ಒಂದು. ಫೌಂಡ್ರಿ ತಾನೇ ಲೆಕ್ಕ ಹಾಕುತ್ತದೆ, ಆದರೂ ಒಂದು ಸಲ ಬಾಯಲ್ಲಿ ಮಾಡಿಸಿದೆ. ಹೆಚ್‌ಪಿ, ಅಂದರೆ ಪೆಟ್ಟು ತಡೆಯುವ ಶಕ್ತಿ, ಅದರ ಲೆಕ್ಕವೂ ಹಾಗೆಯೇ: ಕ್ಲೆರಿಕ್‌ಗೆ ಎಂಟು, ಕಾನ್‌ಸ್ಟಿಟ್ಯೂಷನ್‌ಗೆ ಮೂರು, ಗುಡ್ಡದ ಡ್ವಾರ್ಫ್ ಅಂತ ಇನ್ನೊಂದು, ಒಟ್ಟು 12. ಕ್ಲೆರಿಕ್‌ಗಳ ಶಾಖೆಗಳಲ್ಲಿ ಲೈಫ್ ಡೊಮೈನ್ ತಗೊಂಡಿದ್ದಕ್ಕೆ ಅವಳ ಗಾಯ ಮಾಯಿಸುವ ಮಂತ್ರದಲ್ಲಿ ಎಂಟು ಮುಖದ ದಾಳಕ್ಕೆ ಆರು ಕೂಡುತ್ತದೆ. ದಾಳದಲ್ಲಿ ಬರೀ ಒಂದು ಬಿದ್ದರೂ ಏಳು ಹೆಚ್‌ಪಿ ವಾಪಸ್. ಮೊದಲ ಲೆವೆಲ್‌ನಲ್ಲಿ ಅದು ಜೀವ ಉಳಿಸುವಷ್ಟು ದೊಡ್ಡದು. ಆದರೆ ಅಂಥ ಮಂತ್ರಕ್ಕೆ ಎರಡೇ ಸ್ಲಾಟ್, ಅಂದರೆ ಎರಡೇ ಸಲ, ರಾತ್ರಿ ಪೂರಾ ಮಲಗಿ ಎದ್ದ ಮೇಲೆಯೇ ಮತ್ತೆ. “ಹಂಗಾರ ಯಾರಿಗೆ ಕೊಡೋದು, ಯಾರಿಗೆ ಬಿಡೋದು ಅಂತ ನಾನೇ ನೋಡ್ಬೇಕ್ರಿ?” ಅಂದಳು. ಹೌದು, ಅವಳೇ ನೋಡಬೇಕು.

ಕ್ಲಾಸು, ಮಂತ್ರ, ಆಯುಧ ಇವನ್ನೆಲ್ಲ ಕೈಯಿಂದ ಬರೆಯುವ ಕೆಲಸ ಇಲ್ಲ. ಮೂಲ ನಿಯಮಗಳ ಒಂದು ಭಾಗ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದರಲ್ಲಿರುವುದು ಫೌಂಡ್ರಿಯ ಕಂಪೆಂಡಿಯಂ ಅನ್ನುವ ಭಂಡಾರದಲ್ಲಿ ಮೊದಲೇ ಇರುತ್ತದೆ, ಎಳೆದು ಶೀಟ್ ಮೇಲೆ ಬಿಟ್ಟರೆ ಸಾಕು. ಒಂದನ್ನು ಮಾತ್ರ ನೋಡಿಕೊಳ್ಳಬೇಕು. ರಕ್ಷೆಯ ಅಂಗಿ, ಗುರಾಣಿ ಚೀಲಕ್ಕೆ ಬಂದರೆ ಮುಗಿಯಲಿಲ್ಲ, ತೊಟ್ಟಿದ್ದಾರೆ ಅಂತ ಗುರುತು ಹಾಕಬೇಕು. ಗೆಳತಿಯ ಫೈಟರ್‌ಗೆ ಚೈನ್ ಮೇಲ್ 16, ಗುರಾಣಿ 2, ಎಸಿ (ಪೆಟ್ಟು ತಗುಲದಂತೆ ಕಾಯುವ ಅಂಕಿ) 18 ಆಗಬೇಕು. ಗುರುತು ಹಾಕುವವರೆಗೆ ಬರೀ ಮೈಯ ಎಸಿಯನ್ನೇ ತೋರಿಸುತ್ತಿತ್ತು. ತಮ್ಮನದು ಎಲ್ಫ್ ಜಾತಿಯ ವಿಝಾರ್ಡ್, ಅಂದರೆ ಮಂತ್ರವಾದಿ. ಪುಸ್ತಕದ ಆರು ಮಂತ್ರ ಅವನೇ ಆರಿಸಿ ಮಧ್ಯಾಹ್ನದೊಳಗೆ ಮುಗಿಸಿದ್ದ.

ಮಾವನ ಮಗಳದ್ದು ರೋಗ್ (ಕಳ್ಳಹೆಜ್ಜೆಯ ಚಾಲಾಕಿ), ಮನುಷ್ಯ ಜಾತಿ, ಹೆಸರು ಚಂದ್ರಿ. ಡೆಕ್ಸ್ಟೆರಿಟಿ 16. ಸದ್ದಿಲ್ಲದೆ ನಡೆಯುವುದರಲ್ಲಿ ಎಕ್ಸ್‌ಪರ್ಟೀಸ್ ತಗೊಂಡಿದ್ದರಿಂದ ಅಲ್ಲಿ ಪ್ಲಸ್ ಏಳು. ಮೊದಲ ಲೆವೆಲ್‌ಗೆ ಭಾರೀ ಅಂಕಿ. ಆದರೆ ನನ್ನ ಮೊದಲ ಮ್ಯಾಪ್ ನೆಲದೊಳಗಿನ ಸುರಂಗ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನಮ್ಮೂರಿಗೆ ನೀರು ಬರುತ್ತಿದ್ದದ್ದು ಇಂಥ ಸುರಂಗದಲ್ಲೇ. ಅಲ್ಲಲ್ಲಿ ಮೇಲಿಂದ ಬಾವಿಯ ಹಾಗೆ ಇಳಿಯುವ ತೂತುಗಳೂ ಇದ್ದವು. ಅದನ್ನೇ ಮನಸ್ಸಿನಲ್ಲಿಟ್ಟು ಮ್ಯಾಪ್ ಬರೆದಿದ್ದೇನೆ. ಸುರಂಗದ ಬಾಯಿಗೆ ನಮ್ಮೂರಿನ ತಾಜ್ ಬಾವಡಿಯ ಕಮಾನು, ಅದರ ಎರಡು ಕಡೆ ಎಂಟು ಮೂಲೆಯ ಬುರುಜು. ಊರಿನ ಮೇಲೆ ನನಗಿರುವ ಪ್ರೀತಿ ಅದರಲ್ಲಿ ಇದೆ. ಒಳಗೆ ಪೂರ್ತಿ ಕತ್ತಲು. ಎಲ್ಫ್, ಡ್ವಾರ್ಫ್ ಇಬ್ಬರಿಗೂ ಕತ್ತಲಲ್ಲಿ 60 ಅಡಿ ಕಾಣುತ್ತದೆ, ಅಂದರೆ ಐದು ಅಡಿಯ ಹನ್ನೆರಡು ಚೌಕ. ಮನುಷ್ಯರಿಗೆ ಏನೂ ಕಾಣಲ್ಲ.

“ಮುಂದ ಹೋಗಿ ನೋಡಿ ಬರೋ ಕೆಲಸ ನಿಂದು. ಬೇಕಂದ್ರ ಈಗ್ಲೇ ಎಲ್ಫ್ ಮಾಡ್ಕೋ,” ಅಂದೆ.

“ಬ್ಯಾಡ ಅಕ್ಕಾ. ಚಂದ್ರಿಗೆ ಕತ್ತಲಿ ಅಂದ್ರ ಹೆದರಿಕಿ. ಹೆದರ್ಕೋತಾನೇ ಮುಂದ ಹೋಗ್ತಾಳ.”

ಆಕೆಯ ಕೈಗೆ ಪಂಜು ಬಂತು. ನಿಯಮದ ಪ್ರಕಾರ ಪಂಜಿನ ಸುತ್ತ 20 ಅಡಿ ಚೆನ್ನಾಗಿ ಬೆಳಕು, ಅದರಾಚೆ ಇನ್ನೂ 20 ಅಡಿ ಮಬ್ಬು. ಫೌಂಡ್ರಿಯಲ್ಲಿ ಎರಡನ್ನೂ ಟೋಕನ್‌ನಿಂದಲೇ (ಮ್ಯಾಪ್ ಮೇಲೆ ಪಾತ್ರವನ್ನು ತೋರಿಸುವ ಚಿತ್ರದ ಕಾಯಿ) ಅಳೆಯುತ್ತಾರೆ, ಹಾಗಾಗಿ ಬೆಳಕಿನ ಖಾನೆಗಳಲ್ಲಿ 20 ಮತ್ತು 40 ಬರೆಯಬೇಕು. ನೋಟ ಆನ್, ಕತ್ತಲ ನೋಟದ ದೂರ ಸೊನ್ನೆ. ಭೀಮವ್ವ ಮತ್ತು ವಿಝಾರ್ಡ್‌ಗೆ 60 ಅನ್ನುವುದು ಶೀಟ್‌ನಲ್ಲಿದ್ದರೆ ಸಾಲದು, ಟೋಕನ್‌ನಲ್ಲೂ ಇದೆಯಾ ಅಂತ ನೋಡಿ ಹಾಕಿದೆ. ಇದನ್ನೆಲ್ಲ ಪ್ರೋಟೋಟೈಪ್ ಟೋಕನ್‌ನಲ್ಲೇ, ಅಂದರೆ ಪಾತ್ರದ ಟೋಕನ್‌ನ ಮೂಲ ಅಚ್ಚಿನಲ್ಲೇ ಮಾಡಬೇಕು, ಯಾಕಂದರೆ ಮ್ಯಾಪ್ ಮೇಲೆ ಒಮ್ಮೆ ಇಟ್ಟ ಟೋಕನ್ ಪ್ರೋಟೋಟೈಪ್ ಬದಲಾದರೂ ತಾನು ಬದಲಾಗಲ್ಲ.

ಇನ್ನು ಹಕ್ಕಿನ ವಿಷಯ. ಹೊಸ ಡಿಎಂಗಳು ಇಲ್ಲಿ ನಿಧಾನ ಮಾಡಬೇಕು ಅನ್ನುವುದು ನನ್ನ ಕಳಕಳಿ. ಪ್ರತಿ ಪಾತ್ರದ ಓನರ್‌ಶಿಪ್‌ನಲ್ಲಿ ನಾಲ್ಕು ಮಟ್ಟ ಇವೆ: ನನ್ (ಏನೂ ಇಲ್ಲ), ಲಿಮಿಟೆಡ್, ಅಬ್ಸರ್ವರ್, ಓನರ್. ಆಟಗಾರರಿಗೆ ಅವರವರ ಪಾತ್ರದ ಓನರ್ ಕೊಡಲೇಬೇಕು, ಇಲ್ಲದಿದ್ದರೆ ಟೋಕನ್ ಅಲುಗಾಡಿಸಲೂ ಆಗಲ್ಲ. ಬೇರೆಯವರಿಗೆ ಏನು ಕೊಡೋದು? ಎಲ್ಲರೂ ಗೆಳೆಯರೇ ಅಲ್ವಾ ಅಂತ ಅಬ್ಸರ್ವರ್ ಕೊಡುವವರಿದ್ದಾರೆ. ಆದರೆ ಅಬ್ಸರ್ವರ್ ಇದ್ದರೆ ಆ ಪಾತ್ರದ ಕಣ್ಣಿಗೆ ಕಾಣುವುದು ಅವರ ಪರದೆಯಲ್ಲೂ ಕಾಣುತ್ತದೆ, ತಮ್ಮ ಟೋಕನ್ ಆರಿಸದೆ ಬಿಟ್ಟರೆ ಸಾಕು. ಚಂದ್ರಿ ಪಂಜು ಹಿಡಿದು ತಿರುವು ದಾಟಿದಾಗ ಅಲ್ಲಿ ಏನಿದೆ ಅಂತ ಅವಳೊಬ್ಬಳಿಗೇ ಗೊತ್ತಾಗಬೇಕು. ಆಕೆ ವಾಪಸ್ ಬಂದು ಹೇಳಬೇಕು. ಉಳಿದವರು ನಂಬಬೇಕು, ಇಲ್ಲಾ ಕೇಳಬೇಕು. ಆಟ ಇರುವುದೇ ಆ ಮಾತಿನಲ್ಲಿ. ಹಾಗಾಗಿ ಬೇರೆಯವರಿಗೆಲ್ಲ ಲಿಮಿಟೆಡ್. ಚಿತ್ರ, ಹಿನ್ನೆಲೆ ಓದಬಹುದು, ಅಂಕಿ ಕಾಣಲ್ಲ.

ಲಿಂಕ್ ಆಕ್ಟರ್ ಡೇಟಾ ಅನ್ನುವ ಗುರುತನ್ನೂ ಒಂದೊಂದಾಗಿ ನೋಡಿದೆ. ಅದು ಇದ್ದರೆ ಟೋಕನ್ ಮತ್ತು ಶೀಟ್ ಒಂದೇ. ಸುರಂಗದಲ್ಲಿ ಪೆಟ್ಟು ಬಿದ್ದರೆ ಶೀಟ್‌ನಲ್ಲಿ ಹೆಚ್‌ಪಿ ಇಳಿಯುತ್ತದೆ, ಮುಂದಿನ ಮ್ಯಾಪಿಗೆ ಹೋದರೂ ಗಾಯ ಹಾಗೇ ಇರುತ್ತದೆ. ಶತ್ರುಗಳಾದ ಗಾಬ್ಲಿನ್‌ಗಳಿಗೆ ಇದು ಇರಬಾರದು, ಒಂದಕ್ಕೆ ಹೊಡೆದರೆ ಎಲ್ಲಕ್ಕೂ ಗಾಯ ಆಗುತ್ತದೆ. ಆಟಗಾರರ ಪಾತ್ರ ಅಂತ ಆರಿಸಿ ಮಾಡಿದರೆ ಈ ಆಟದ ಸಿಸ್ಟಮ್ ಅದನ್ನು ತಾನೇ ಆನ್ ಮಾಡುತ್ತದೆ. ಎನ್‌ಪಿಸಿಗೆ, ಅಂದರೆ ಡಿಎಂ ನಡೆಸುವ ಪಾತ್ರಗಳಿಗೆ, ಮಾಡಲ್ಲ.

ಟೋಕನ್ ಚಿತ್ರಗಳನ್ನು ಗೆಳತಿ ಬರೆದು ಕಳಿಸಿದ್ದಾಳೆ. ಭೀಮವ್ವನ ಇಳಕಲ್ ಸೀರೆಯ ಕೆಂಪು ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದೆ, ಕೈಯಲ್ಲಿ ಗದೆ. ಮ್ಯಾಪ್ ಎಷ್ಟು ಸಣ್ಣದು ಮಾಡಿದರೂ ಆ ಕೆಂಪಿನಿಂದ ಅವಳನ್ನು ಗುರುತು ಹಿಡಿಯಬಹುದು. ನಾದಿನಿ ಅದನ್ನು ಅತ್ತೆಯವರಿಗೂ ತೋರಿಸಿದಳಂತೆ.

ಬುಧವಾರ ರಾತ್ರಿ ಊಟ ಆದ ಮೇಲೆ ಎಲ್ಲರೂ ಅರ್ಧ ತಾಸು ಒಳಗೆ ಬಂದು ನೋಡಬೇಕು ಅಂತ ಹೇಳಿದ್ದೇನೆ. ಸಿ ಒತ್ತಿದರೆ ತಮ್ಮ ಶೀಟೇ ತೆರೆಯುತ್ತದಾ, ಟೋಕನ್ ನಡೆಯುತ್ತದಾ, ದಾಳ ಬೀಳುತ್ತದಾ. ಅಷ್ಟೇ. ಆಟ ಪಾಜ್ ಆಗಿ ನಿಂತಿದ್ದರೆ ಆಟಗಾರರ ಟೋಕನ್ ಅಲುಗಾಡಲ್ಲ, ಮೊದಲು ನಾನು ಸ್ಪೇಸ್‌ಬಾರ್ ಒತ್ತಿ ಅದನ್ನು ತೆಗೆಯಬೇಕು.

ಈಗ ಇದನ್ನು ಬರೆಯುತ್ತಿರುವಾಗಲೇ ನಾದಿನಿಯ ಮೆಸೇಜ್: “ವೈನಿ, ಭೀಮವ್ವ ಒಂದು ಆಡು ಸಾಕಬಹುದೇನ್ರಿ?” ಸಾಕಬಹುದು. ಕಂಪೆಂಡಿಯಂನಲ್ಲಿ ಆಡು ಇದೆ, ಎಸಿ 10, ಹೆಚ್‌ಪಿ 4. ಅದು ಎನ್‌ಪಿಸಿ ಆದ್ದರಿಂದ ಲಿಂಕ್ ನಾನೇ ಆನ್ ಮಾಡಿ, ಓನರ್ ಜಾಗದಲ್ಲಿ ಅವಳ ಹೆಸರು ಹಾಕಿದೆ. ಸುರಂಗಕ್ಕೆ ಕರಕೊಂಡು ಹೋಗಬೇಕೋ, ಮೇಲೆ ಕಮಾನಿನ ಹತ್ತಿರ ಕಟ್ಟಿ ಹೋಗಬೇಕೋ, ಶನಿವಾರ ಅವಳೇ ಹೇಳಲಿ.