ದುಬೈಯಲ್ಲಿ ಒಂದೇ ದಿನ ಸಿಕ್ಕಿದರೆ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯಿಂದ ಮಗನ ಮನೆಗೋ ಮಗಳ ಮನೆಗೋ ವಿಸಿಟ್ ವೀಸಾದಲ್ಲಿ ದುಬೈಗೆ ಹೋದವರ ಫೋನು ತೆರೆದರೆ ಫೋಟೊಗಳೆಲ್ಲ ಒಂದೇ ತರ: ಬುರ್ಜ್ ಖಲೀಫಾ, ಮಾಲ್, ಮರಳ ಮೇಲೆ ಒಂಟೆ. 828 ಮೀಟರಿನ ಕಟ್ಟಡ ನೋಡಲೇಬೇಕು, ಸರಿ. ಆದರೆ ಕೆಳಗೆ ನಿಂತು ನೋಡಿದರೆ ಟಿಕೆಟ್ ಬೇಡ. ಉಳಿದ ಹೊತ್ತನ್ನು ಕ್ರೀಕ್ (ಊರೊಳಗೆ ಚಾಚಿದ ಕಡಲ ಹಿನ್ನೀರು) ದಡಕ್ಕೆ ಇಟ್ಟುಕೊಳ್ಳಿ. ನಮ್ಮ ಕರಾವಳಿಗೂ ಆ ಊರಿಗೂ ಇದ್ದ ಹಳೆಯ ಕೊಡುಕೊಳೆ ಇರುವುದು ಅಲ್ಲಿ.

ಮೆಟ್ರೋಗೆ ನೋಲ್ ಕಾರ್ಡ್ ಬೇಕು. ಸಿಲ್ವರ್ ಕಾರ್ಡಿಗೆ 25 ದಿರ್ಹಮ್, ಅದರಲ್ಲಿ 19 ಪ್ರಯಾಣಕ್ಕೆ ಸಿಗುತ್ತದೆ. ಆ ಕಾರ್ಡ್ ಹಿಡಿದು ಗೋಲ್ಡ್ ಬೋಗಿಗೆ ಹತ್ತಿದರೆ ದಂಡ. ಗಂಡಸರು ಹೆಂಗಸರ ಬೋಗಿಗೆ ಹತ್ತಿದರೂ ದಂಡವೇ. ನೆಲದ ಮೇಲೆ ಗುಲಾಬಿ ಗೆರೆ ಇದೆ, ನೋಡಿಕೊಳ್ಳಿ. ಗ್ರೀನ್ ಲೈನಿನ ಅಲ್ ಗುಬೈಬಾದಲ್ಲಿ ಇಳಿದರೆ ಶಿಂದಘಾ ಮ್ಯೂಸಿಯಂ ಹತ್ತಿರ. ಅಲ್ ಫಹೀದಿ ಕೋಟೆ 1787ರದ್ದು. ಅದರೊಳಗಿನ ದುಬೈ ಮ್ಯೂಸಿಯಂ ನವೀಕರಣಕ್ಕೆಂದು ಮುಚ್ಚಿತ್ತು, ಆದ್ದರಿಂದ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ.

ಕೋಟೆಯ ಪಕ್ಕದ ಓಣಿಗಳಲ್ಲಿ ಸುತ್ತಾಡಲು ಟಿಕೆಟ್ ಇಲ್ಲ. ಇರಾನಿನ ಬಸ್ತಕ್ ಕಡೆಯಿಂದ ಬಂದ ವರ್ತಕರ ಮನೆಗಳು ಇವು. ಮಾಡಿನ ಮೇಲೆ ಚೌಕದ ಗೋಪುರ ಕಾಣುತ್ತದಲ್ಲ, ಅದು ಬರ್ಜೀಲ್. ಒಳಗೆ ಹೋಗಿ, ನೇರ ಅದರ ಕೆಳಗೆ ನಿಂತು ತಲೆಯೆತ್ತಿ. ಗುಣಾಕಾರದ ಗುರುತಿನಂತೆ ಎರಡು ಗೋಡೆಗಳು ಅಡ್ಡಡ್ಡ ಹಾಯ್ದು ಗೋಪುರವನ್ನು ನಾಲ್ಕು ಪಾಲು ಮಾಡಿರುತ್ತವೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಆ ಬದಿಯ ಪಾಲಿಗೆ ಬಡಿದು ಕೆಳಗಿಳಿಯುತ್ತದೆ; ಕೋಣೆಯ ಬಿಸಿ ಗಾಳಿ ಎದುರು ಬದಿಯಿಂದ ಮೇಲೇರಿ ಹೊರಹೋಗುತ್ತದೆ. ಗೋಪುರದಿಂದ ಹೊರಚಾಚಿದ ಕೋಲುಗಳು ಅಂದಕ್ಕೆ ಇಟ್ಟದ್ದಲ್ಲ. ಗೋಡೆಯನ್ನು ಬಿಗಿಹಿಡಿಯುವುದು ಅವೇ, ರಿಪೇರಿಗೆ ಹತ್ತುವವನಿಗೆ ಮೆಟ್ಟಿಲೂ ಅವೇ. ಗೋಡೆ ಹವಳದ ಕಲ್ಲಿನದು. ನಮ್ಮ ಮುರಕಲ್ಲಿನ ಹಾಗೆ ಮೈತುಂಬ ತೂತು, ಆ ತೂತುಗಳೊಳಗಿನ ಗಾಳಿಯೇ ಬಿಸಿಲಿನ ಕಾವನ್ನು ತಡೆಯುತ್ತದೆ. ಮರ ಅಲ್ಲಿ ಎಲ್ಲಿ ಬೆಳೆಯಬೇಕು? ಮಾಡಿನ ಕೋಲುಗಳು ಪೂರ್ವ ಆಫ್ರಿಕಾದ ಕಾಂಡ್ಲಾ ಮರದವು, ಬಾಗಿಲಿನ ತೇಗ ಭಾರತದ್ದು.

ಮರ ಮಾತ್ರವಲ್ಲ, ದುಡ್ಡೂ ನಮ್ಮದೇ ಓಡುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ಬಣ್ಣದ ರೂಪಾಯಿ ನೋಟು ಅಚ್ಚು ಹಾಕಿಸಿತು. ಚಿನ್ನದ ಕಳ್ಳಸಾಗಣೆಗೆ ರೂಪಾಯಿ ಸೋರಿಹೋಗುವುದನ್ನು ತಡೆಯುವುದು ಉದ್ದೇಶ. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ದುಬೈ ಅದನ್ನು ಕೈಬಿಟ್ಟಿತು. ಮ್ಯೂಸಿಯಂಗಳಲ್ಲಿ ಮುತ್ತು ಹೆಕ್ಕುವವರ ಸಾಮಾನು ಕಂಡರೆ ಅವಸರ ಬೇಡ: ಮೂಗಿಗೆ ಸಿಕ್ಕಿಸುವ ಕ್ಲಿಪ್ಪು, ಕಾಲಿಗೆ ಕಟ್ಟುವ ಕಲ್ಲು, ಕೊರಳಿಗೆ ತೂಗುವ ಬುಟ್ಟಿ. ಆ ಮುತ್ತಿಗೆ ದೊಡ್ಡ ಪೇಟೆ ಮುಂಬಯಿ. ಜಪಾನಿನ ಕೃಷಿ ಮುತ್ತು ಬಂದದ್ದೇ ಈ ಕಸುಬು ಕುಸಿಯಿತು.

2022ರ ಫೆಬ್ರವರಿ 22ರಂದು ತೆರೆದ ಮ್ಯೂಸಿಯಂ ಆಫ್ ದಿ ಫ್ಯೂಚರ್ ಹೊರಗಿನಿಂದ ಬಲು ಚಂದ. ಒಳಗೆ ಹಳೆಯ ವಸ್ತು ಹುಡುಕಬೇಡಿ, ಅಲ್ಲಿರುವುದು 2071ರ ಕಲ್ಪನೆ. ಮಕ್ಕಳಿದ್ದರೆ ಹೋಗಬಹುದು. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆದಿರಬೇಕು, ಹೊತ್ತು ಗೊತ್ತುಮಾಡಿಯೇ ಕೊಡುತ್ತಾರೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಮಧ್ಯಾಹ್ನ ಓಣಿ ಸುತ್ತುವ ಹುಚ್ಚು ಬೇಡ. ಕಡಲ ಊರಾದ್ದರಿಂದ ಬೆವರು ಆರುವುದೇ ಇಲ್ಲ. ಎಸಿಯಿಂದ ಹೊರಬಂದ ಕೂಡಲೇ ಕನ್ನಡಕ, ಕ್ಯಾಮರಾ ಎರಡೂ ಮಂಜಾಗುತ್ತವೆ; ಒರೆಸಿದಷ್ಟೂ ಮತ್ತೆ ಕೂರುತ್ತದೆ. ಗಾಜು ಬೆಚ್ಚಗಾಗುವವರೆಗೆ ಸುಮ್ಮನಿರಿ. ಶುಕ್ರವಾರ ಜುಮ್ಮಾದ ಹೊತ್ತಿಗೆ ಪೇಟೆಯಲ್ಲಿ ಬಾಗಿಲು ಹಾಕಿರುತ್ತಾರೆ.

ಕ್ರೀಕಿನ ಆಚೆ ದಡದ ದೇರಾಕ್ಕೆ ದಾಟಲು ಅಬ್ರಾ ಇದೆ, ಥೇಟ್ ನಮ್ಮ ಕಡವಿನ ದೋಣಿಯ ಹಾಗೆ. ಹುಟ್ಟಿನ ಬದಲು ಎಂಜಿನ್. ಒಬ್ಬರಿಗೆ 1 ದಿರ್ಹಮ್, ದೋಣಿಯವನ ಕೈಗೇ ಕೊಡುವುದು. ನಾಣ್ಯ ಕೈಯಲ್ಲಿರಲಿ. ದಡದಲ್ಲಿ "ಬೋಟ್, ಬೋಟ್" ಎಂದು ಕರೆಯುವವರು ಇಡೀ ದೋಣಿಯನ್ನು ಬಾಡಿಗೆಗೆ ಕೊಡುವವರು, ಅವರ ಹಿಂದೆ ಹೋಗದೆ ಎಲ್ಲರೂ ಹತ್ತುವ ಕಡೆ ಹತ್ತಿ. ಆಚೆ ದಡದ ಮಸಾಲೆ ಪೇಟೆಯಲ್ಲಿ ಏಲಕ್ಕಿ, ಕರಿಮೆಣಸಿಗೆ ಚೌಕಾಸಿ ಮಾಡುತ್ತ ನಿಲ್ಲಬೇಡಿ, ಅದು ಊರಲ್ಲೇ ಇದೆ. ಲೂಮಿ ತನ್ನಿ: ಒಣಗಿಸಿ ಕಪ್ಪಾದ ನಿಂಬೆಕಾಯಿ. ಚುಚ್ಚಿ ತೂತು ಮಾಡಿ ಮೀನಿನ ಸಾರಿಗೆ ಹಾಕಿದರೆ ಹುಣಸೆಯಂತಲ್ಲದ ಬೇರೆಯೇ ಹುಳಿ.