ಕುವೈತಲ್ಲೂ ಎಲೆಕ್ಷನ್ನಾ?

ಹನ್ನೊಂದು ವರ್ಷ ಕುವೈತಲ್ಲಿ ಲೆಕ್ಕ ಬರೆದು ಊರಿಗೆ ಬಂದವನಿಗೆ ಎಲ್ಲರೂ ಕೇಳುವುದು ಇದನ್ನೇ: "ಶೇಖ್‌ಗಳ ರಾಜ್ಯದಲ್ಲಿ ಪಾರ್ಲಿಮೆಂಟ್ ಎಂಥದ್ದು?"

ಇತ್ತು ಮಾರಾಯ್ರೆ. 1963ರಲ್ಲೇ ಶುರುವಾಗಿತ್ತು. ಜನ ಆರಿಸಿದ 50 ಸದಸ್ಯರು. ಮಂತ್ರಿಯನ್ನು ನಿಲ್ಲಿಸಿ ಬೆವರಿಳಿಸುವಷ್ಟು ಅಧಿಕಾರವೂ ಇತ್ತು. ಆದರೆ ಪ್ರಧಾನಿಯನ್ನು ನೇಮಿಸುವುದು ಅಮೀರರು, ಅಂದರೆ ಅಲ್ಲಿನ ದೊರೆ; ಸಭೆಯನ್ನು ವಿಸರ್ಜಿಸುವುದೂ ಅವರೇ. ಕಗ್ಗಂಟು ಇರುವುದೇ ಅಲ್ಲಿ.

ಪ್ರಶ್ನೆಗಿಂತ ಅದರ ಬಾಲ ನೋಡಿದರೆ ಸಿಟ್ಟು ಬರುತ್ತದೆ. ಮೊನ್ನೆ ಕುಂದಾಪುರದಲ್ಲಿ ಮದುವೆ ಊಟ. ಬಾಯಲ್ಲಿ ಹೋಳಿಗೆ ಇದ್ದಾಗಲೇ ಪಕ್ಕದ ಎಲೆಯ ಭಾವ ಅಂದರು, "ಆ ಪಾರ್ಲಿಮೆಂಟ್ ಮುಚ್ಚಿದ್ದೇ ಒಳ್ಳೇದಾಯ್ತು ಬಿಡು. ನಮ್ಮಲ್ಲೂ ಹೀಗೇ ಬೀಗ ಜಡೀಬೇಕು." ಹೋಳಿಗೆ ಇತ್ತು, ಭಾವ ಬಚಾವಾದರು.

ಆ ಸಭೆ ಸಾಚಾ ಅಂತ ನಾನೇನೂ ಹೇಳುತ್ತಿಲ್ಲ. ಜನರ ಬ್ಯಾಂಕ್ ಸಾಲವನ್ನು ಸರ್ಕಾರವೇ ವಹಿಸಿಕೊಳ್ಳಲಿ ಅಂತ ಸದಸ್ಯರು ಹಟ ಹಿಡಿದಿದ್ದರು. ಆ ಜಗಳದ ನಡುವೆ 2023ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. 2020ರ ಡಿಸೆಂಬರ್‌ನಿಂದ 2024ರ ಏಪ್ರಿಲ್‌ವರೆಗೆ ನಾಲ್ಕು ಚುನಾವಣೆ! ಕೊನೆಯ ಸಲ ಗೆದ್ದವರು ಒಂದು ದಿನವೂ ಸಭೆ ಸೇರಲಿಲ್ಲ. ಮೇ 10ರಂದು ಅಮೀರ್ ಶೇಖ್ ಮಿಶಾಲ್ ಟಿವಿಯಲ್ಲಿ ಬಂದು ಸಭೆಯನ್ನು ವಿಸರ್ಜಿಸಿದರು. ಸಂವಿಧಾನದ ಕೆಲವು ವಿಧಿಗಳಿಗೂ ನಾಲ್ಕು ವರ್ಷದವರೆಗೆ ತಡೆ. 1976ರಲ್ಲೂ 1986ರಲ್ಲೂ ಸಭೆಗೆ ಹೀಗೇ ಬೀಗ ಬಿದ್ದಿತ್ತು.

ಭಾವನಿಗೆ ಗೊತ್ತಿಲ್ಲದ್ದು ಆಮೇಲಿನದು. ಸಾವಿರಾರು ಜನರ ಪೌರತ್ವವೇ ಹೋಯಿತು. ಮದುವೆಯಾಗಿ ಬಂದು ಕುವೈತಿಯಾದ ಹೆಂಗಸರೂ ಅದರಲ್ಲಿ ಬಹಳ ಇದ್ದರು. ಮಂತ್ರಿಯನ್ನು ನಿಲ್ಲಿಸಿ ಕೇಳೋಣ ಅಂದರೆ, ಕೇಳುವ ಜಾಗಕ್ಕೇ ಬೀಗ.

"ನಿನ್ನ ಜೊತೆಗಿದ್ದ ಕುವೈತಿಗಳು ಏನಂದ್ರು?" ಅಂತ ಯಾರಾದರೂ ಕೇಳಬೇಕಿತ್ತು. ಒಬ್ಬರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಆಫೀಸಿನ ಹಿರಿಯರೊಬ್ಬರು ತಮ್ಮ ಮನೆಯ ದಿವಾನಿಯಾಕ್ಕೆ ಆಗಾಗ ಕರೆಯುತ್ತಿದ್ದರು. ಗಂಡಸರು ಸೇರಿ ಹರಟುವ ಕೋಣೆ ಅದು. ಅಲ್ಲಿ ಸದಸ್ಯರನ್ನೂ ಮಂತ್ರಿಗಳನ್ನೂ ಹೆಸರು ಹಿಡಿದೇ ಬೈಯುತ್ತಿದ್ದರು. ಜಗಳ ಕಾವೇರಿದಷ್ಟೂ ಚಹಾ ಜಾಸ್ತಿ ಬರುತ್ತಿತ್ತು. ಆ ಮೇ ಕಳೆದ ಮೇಲೊಮ್ಮೆ ಹೋದೆ. ಅದೇ ಕೋಣೆ, ಅದೇ ಪುಟ್ಟ ಗಾಜಿನ ಲೋಟಗಳು. ಮೂಲೆಯಲ್ಲಿದ್ದವರು ಯಾರೋ ಹಳೆಯ ಸದಸ್ಯರೊಬ್ಬರ ಹೆಸರೆತ್ತಿದರು. ಹಿರಿಯರು ಸುಮ್ನೆ ರಿಮೋಟ್ ತಗೊಂಡು ಟಿವಿ ಸದ್ದು ಜಾಸ್ತಿ ಮಾಡಿದರು. ಫುಟ್‌ಬಾಲ್. ಯಾವ ತಂಡಗಳು ಅಂತ ಪಕ್ಕದವರನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.