ತಾಯಿ ಬೆಕ್ಕು ಎಲ್ಲಿ?

ಪರ್ಷಿಯನ್ ಮರಿ ತರುವ ವಿಷಯಕ್ಕೆ ನಮ್ಮ ಮನೆಯಲ್ಲಿ ಎರಡು ವರ್ಷ ಜಗಳ ನಡೆಯಿತು. ನಾನು ಬೇಡ ಅನ್ನುವ ಕಡೆ. ಕೊನೆಗೆ ಸೋತೆ. ಸೋತವನ ತಲೆಗೇ ಮರಿ ಹುಡುಕುವ ಕೆಲಸವನ್ನೂ ಕಟ್ಟಿದರು.

ಮೊದಲು ಸಿಕ್ಕಿದವರು ಫೋನಿನಲ್ಲಿ ಬಹಳ ನಯವಾಗಿ ಮಾತಾಡಿದರು. "ನೀವ್ಯಾಕೆ ಮನೆ ತನಕ ಬರ್ತೀರಿ ಸಾರ್, ದಾರೀಲಿ ಎಲ್ಲಾದ್ರೂ ನಾನೇ ತಂದುಕೊಡ್ತೀನಿ." ಪಾಪ, ಎಷ್ಟು ಒಳ್ಳೆಯವರು ಅಂದುಕೊಂಡೆ. ಆದರೂ ಸುಮ್ನೆ ಒಂದು ಸಲ ನೋಡೋಣ ಅಂತ ಮನೆಗೇ ಹೋದೆ.

ಹಾಲ್‌ನಲ್ಲಿ ಒಂದು ಬುಟ್ಟಿ. ಅದರಲ್ಲಿ ಒಂದೇ ಒಂದು ಬೂದು ಮರಿ. ಮೂರು ತಿಂಗಳಾಗಿದೆ ಅಂದರು. ಕಣ್ಣು ನೋಡಿದರೆ ಇನ್ನೂ ಹಾಲುಮಿಶ್ರಿತ ನೀಲಿ. ಬೆಕ್ಕಿನ ಮರಿಗಳಿಗೆ ಮೊದಮೊದಲು ಕಣ್ಣು ನೀಲಿಯೇ. ಆರೇಳು ವಾರಕ್ಕೆ ನಿಜವಾದ ಬಣ್ಣ ಏರತೊಡಗುತ್ತದೆ. ಬಿಳಿ ಪರ್ಷಿಯನ್ ಆಗಿದ್ದರೆ ನೀಲಿ ಹಾಗೇ ಉಳಿಯಬಹುದು. ಬೂದು ಬಣ್ಣದವಕ್ಕೆ ತಾಮ್ರದ ಬಣ್ಣ ಬರಬೇಕು ಅಲ್ವಾ?

"ತಾಯಿ ಎಲ್ಲಿ?" ಅಂದೆ.

"ಅದು ಫ್ರೆಂಡ್ ಮನೇಲಿದೆ."

ಲಸಿಕೆ ಕಾರ್ಡ್ ಕೇಳಿದೆ. ಎರಡು ತಾರೀಕು ಬರೆದಿತ್ತು, ಎರಡೂ ಒಂದೇ ಪೆನ್ನು, ಒಂದೇ ಓಟ. ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸುವ ಚೀಟಿ ಇಲ್ಲ, ಡಾಕ್ಟರ ಸೀಲೂ ಇಲ್ಲ. ಮೊದಲ ಡೋಸ್ ಕೊಡುವುದೇ 6ರಿಂದ 8 ವಾರಕ್ಕೆ, ಮುಂದಿನದು 3-4 ವಾರ ಬಿಟ್ಟು. ಬೆರಳು ಮಡಚಿ ಲೆಕ್ಕ ಹಾಕಿದೆ. ಆ ಕಣ್ಣಿಗೂ ಈ ಕಾರ್ಡಿಗೂ ತಾಳೆಯೇ ಆಗಲಿಲ್ಲ. ಕಿವಿಯೊಳಗೆ ಕಾಫಿ ಪುಡಿಯಂಥ ಕಪ್ಪು ಕೊಳೆಯೂ ಇತ್ತು. ಕಿವಿಯ ಹುಳಕ್ಕೆ ಔಷಧಿ ಇದೆ. ನಾನು ಎದ್ದು ಬಂದದ್ದು ಅದಕ್ಕಲ್ಲ, ವಯಸ್ಸಿನ ಸುಳ್ಳಿಗೆ.

ಮರಿ ಅಷ್ಟರಲ್ಲಿ ನನ್ನ ಶರ್ಟಿನ ಗುಂಡಿ ಚೀಪುತ್ತಿತ್ತು. ಬಿಡಿಸುವಾಗ ಕೈ ನಡುಗಿತು. ಪಾಪ ಅಂತ ತಗೊಂಡು ಬರಬೇಕಿತ್ತು ಅಂತ ಆಮೇಲೆ ಕೆಲವರು ಬೈದರು. ತಗೊಂಡಿದ್ದರೆ ಮುಂದಿನ ವಾರ ಆ ಬುಟ್ಟಿಯಲ್ಲಿ ಇನ್ನೊಂದು ಮರಿ ಇರುತ್ತಿತ್ತು. ಹಾಗಂತ ಗುಂಡಿ ಹಾಕುವಾಗ ಅದರ ನೆನಪು ಬಾರದೆ ಇಲ್ಲ.

ಎರಡನೇ ಮನೆಯಲ್ಲಿ ತಾಯಿ ಬೆಕ್ಕೇ ಎದುರಿಗೆ ಬಂತು. ನನ್ನ ಬ್ಯಾಗ್ ಮೂಸಿ, ಅದರ ಮೇಲೇ ಕೂತಿತು. ಹಿಂದೆ ನಾಲ್ಕು ಮರಿ. ಇಲ್ಲಿ ಪ್ರಶ್ನೆ ಕೇಳಿದ್ದು ಜಾಸ್ತಿ ಅವರೇ. ಕಿಟಕಿಗೆ ಜಾಲರಿ ಇದೆಯಾ? ದಿನಾ ಕೂದಲು ಬಾಚುವವರು ಯಾರು? ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಹೆಣ್ಣು ಕೇಳೋಕೆ ಹೋದಾಗಲೂ ನನ್ನನ್ನು ಇಷ್ಟು ಜಾಲಾಡಿರಲಿಲ್ಲ.

ಪೆಡಿಗ್ರಿ ಕಾಗದದಲ್ಲಿ ಮುತ್ತಜ್ಜ ಮುತ್ತಜ್ಜಿಯರ ಹೆಸರೂ ಇತ್ತು. ನಮ್ಮ ಮುತ್ತಜ್ಜಿಯ ಹೆಸರು ನನಗೆ ಗೊತ್ತಿಲ್ಲ, ಇರಲಿ. ನನಗೆ ಬೇಕಿದ್ದದ್ದು ಪಿಕೆಡಿ ಪರೀಕ್ಷೆಯ ಹಾಳೆ. ಕಿಡ್ನಿಯಲ್ಲಿ ನೀರುಗುಳ್ಳೆಗಳಾಗುವ ಈ ಕಾಯಿಲೆ ಪರ್ಷಿಯನ್‌ಗಳಲ್ಲಿ ವಂಶದಲ್ಲೇ ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಪ್ರತಿ ಮರಿಗೂ ಅರ್ಧಕ್ಕರ್ಧ ಅಪಾಯ. ಎರಡರ ಡಿಎನ್‌ಎ ವರದಿಯೂ ನೆಗೆಟಿವ್ ಇತ್ತು. ಆದರೆ 13 ವಾರ ತುಂಬುವ ತನಕ ಮರಿ ಕೊಡಲ್ಲ ಅಂದರು. ಮೂರು ವಾರ ಕಾದೆವು.

ಕರೆತರುವ ದಿನ ತಾಯಿ ಮಲಗುತ್ತಿದ್ದ ಹಳೇ ಟವೆಲನ್ನೂ ಜೊತೆಗೆ ಕೊಟ್ಟರು. ಎರಡು ದಿನ ಮರಿ ಅದನ್ನು ಬಿಟ್ಟು ಮಂಚದಡಿಯಿಂದ ಹೊರಗೆ ಬರಲಿಲ್ಲ. ಮೂರನೇ ರಾತ್ರಿ ನೀರು ಕುಡಿಯಲು ಎದ್ದಾಗ ಚಪ್ಪಲಿಗೆ ಕಾಲು ತೂರಿಸಿದೆ. ಒಳಗೆ ಬೆಚ್ಚಗೆ ಏನೋ ಗುರುಗುಟ್ಟಿತು. ಬರಿಗಾಲಲ್ಲೇ ಅಡುಗೆಮನೆಗೆ ಹೋದೆ.